ನೂರು ಲೀಟರ್ ಸಮುದ್ರ, ಒಂದು ಖಾಲಿ ತಕ್ಕಡಿ

ಪ್ರತಿ ಭಾನುವಾರ ಬೆಳಿಗ್ಗೆ ಕಾಫಿಗೂ ಮೊದಲು ನಾನು ಬಿಳಿಯ ಬಕೆಟ್ಟೊಂದಕ್ಕೆ 10 ಲೀಟರ್ ಶುದ್ಧ ನೀರು ಹಿಡಿದು, ಅಡುಗೆಮನೆಯ ತೂಕದ ಯಂತ್ರದ ಮೇಲೆ 380 ಗ್ರಾಂ ಉಪ್ಪು ತೂಗಿ, ಅದನ್ನು ಹಿಡಿಹಿಡಿಯಾಗಿ ನೀರಿಗೆ ಸುರಿದು, ಸಣ್ಣ ಪಂಪು ಒಳಗಿಟ್ಟು ತಿರುಗಲು ಬಿಡುತ್ತೇನೆ. ನೀರು ಮೊದಲು ಹಾಲಿನಂತೆ ಬೆಳ್ಳಗಾಗಿ, ಒಂದೆರಡು ಗಂಟೆ ಕಳೆದ ಮೇಲೆ ತಿಳಿಯಾಗುತ್ತದೆ. ನಡುಮನೆಯ ಮೂಲೆಯಲ್ಲಿರುವ 2 ಅಡಿ ಉದ್ದದ ಗಾಜಿನ ತೊಟ್ಟಿಯಿಂದ ಅಷ್ಟೇ ಹಳೆಯ ನೀರು ತೆಗೆದು, ಆ ಜಾಗಕ್ಕೆ ಇದನ್ನು ಹಾಕುತ್ತೇನೆ. ಕಲ್ಲು ಮರಳುಗಳ ಪಾಲು ಕಳೆದರೆ ತೊಟ್ಟಿಯಲ್ಲಿ ಉಳಿಯುವುದು ಸುಮಾರು 100 ಲೀಟರ್ ಉಪ್ಪುನೀರು. ಅದರಲ್ಲಿ ಎರಡು ಕ್ಲೌನ್ ಮೀನುಗಳಿವೆ, ಪಾಚಿ ತಿನ್ನುವ ಕೆಲವು ಬಸವನಹುಳುಗಳಿವೆ, ಮತ್ತು ಯಾವುದಕ್ಕಾಗಿ ನಾನು ಇಷ್ಟೆಲ್ಲ ಮಾಡುತ್ತೇನೋ ಆ ಮೃದು ಹವಳಗಳಿವೆ.

ಅಪ್ಪ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತೂಕದ ಗುಮಾಸ್ತರಾಗಿದ್ದವರು. ಮೊದಲ ಸಲ ಈ ಬಕೆಟ್ಟಿನ ಕೆಲಸವನ್ನು ನೋಡಿದಾಗ ಅವರು ಬಹಳ ಹೊತ್ತು ಸುಮ್ಮನೆ ನಿಂತಿದ್ದು, ಕೊನೆಗೆ, "ನಾವು ಸಮುದ್ರ ಒಣಗಿಸಿ ಉಪ್ಪು ಮಾಡ್ತಿದ್ದೆವು, ನೀನು ಉಪ್ಪು ಕೊಂಡು ಸಮುದ್ರ ಮಾಡ್ತಿದ್ದೀಯಲ್ಲ ತಮಾ" ಎಂದರು. ಅವರು ಆಕ್ಷೇಪದಿಂದ ಹೇಳಿದ್ದಲ್ಲ, ಕಂಡದ್ದನ್ನು ಕಂಡಂತೆ ಹೇಳಿದ್ದು. ಆದರೆ ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಕಡಲಿನಿಂದ ಇಷ್ಟು ದೂರದಲ್ಲಿ, ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಕುಳಿತು ನಾನು ಮಾಡುತ್ತಿರುವುದು ನಿಜಕ್ಕೂ ಏನು ಎಂಬುದನ್ನು ತಿಳಿದುಕೊಳ್ಳಲು ನನಗೆ ಒಂದು ಕೆಟ್ಟ ಬೇಸಿಗೆಯೇ ಬೇಕಾಯಿತು.

ಉಪ್ಪು ಕರಗಿದ ನೀರೆಲ್ಲ ಸಮುದ್ರವಲ್ಲ

ಅಪ್ಪನ ಮಾತಿನಲ್ಲಿ ಒಂದು ಸೂಕ್ಷ್ಮವಿತ್ತು. ಅದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಆಗರದ ಉಪ್ಪನ್ನು ಮತ್ತೆ ನೀರಿಗೆ ಹಾಕಿದರೆ ಸಮುದ್ರ ಬರುವುದಿಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿದ್ದರೆ, ಅದರಲ್ಲಿ ನಾವು ಉಪ್ಪು ಎನ್ನುವ ಸೋಡಿಯಂ ಕ್ಲೋರೈಡ್ 27 ಗ್ರಾಂನಷ್ಟು ಮಾತ್ರ. ಆಗರದ ಪಾತಿಗಳಲ್ಲಿ ನೀರು ಬಿಸಿಲಿಗೆ ಇಂಗುತ್ತ ಹೋದಂತೆ ಮೊದಲು ಸುಣ್ಣದ ಅಂಶ ತಳಕ್ಕೆ ಕೂರುತ್ತದೆ, ಆಮೇಲೆ ಜಿಪ್ಸಂ. ನೀರು ಹತ್ತರಲ್ಲೊಂದು ಪಾಲಿಗೆ ಇಳಿದಾಗ ಉಪ್ಪಿನ ಹರಳು ಕಟ್ಟುತ್ತದೆ. ಉಪ್ಪು ಎತ್ತಿದ ಮೇಲೆ ಉಳಿಯುವ ಕಹಿನೀರಿನಲ್ಲಿ ಮೆಗ್ನೀಶಿಯಂ, ಪೊಟ್ಯಾಶಿಯಂ ಹೊರಟುಹೋಗುತ್ತವೆ. ಒಳ್ಳೆಯ ಉಪ್ಪು ಮಾಡುವುದೆಂದರೆ ಸಮುದ್ರದ ಉಳಿದದ್ದನ್ನೆಲ್ಲ ಒಂದೊಂದಾಗಿ ಬಿಟ್ಟುಬಿಡುವುದು. ಹವಳಕ್ಕೆ ಬೇಕಾದದ್ದು ಹಾಗೆ ಬಿಟ್ಟದ್ದೆಲ್ಲವೂ: ಲೀಟರಿಗೆ 400 ಮಿಲಿಗ್ರಾಂ ದಾಟಿದ ಕ್ಯಾಲ್ಸಿಯಂ, 1,300 ಮಿಲಿಗ್ರಾಂ ಮೆಗ್ನೀಶಿಯಂ, ನೀರಿನ ಪಿಎಚ್ ಬೀಳದಂತೆ ಹಿಡಿದಿಡುವ ಬೈಕಾರ್ಬೊನೇಟು, ಮತ್ತು ಅತ್ಯಲ್ಪ ಪ್ರಮಾಣದ ಇನ್ನೆಷ್ಟೋ ಧಾತುಗಳು. ಹವಳದ ತೊಟ್ಟಿಗೆಂದೇ ಬರುವ ಉಪ್ಪಿನ ಚೀಲದಲ್ಲಿ ಇವೆಲ್ಲವನ್ನೂ ಲೆಕ್ಕ ಹಾಕಿ ಮರಳಿ ಸೇರಿಸಿರುತ್ತಾರೆ. ಅದಕ್ಕೇ ಆ ಚೀಲಕ್ಕೆ ಅಷ್ಟು ಬೆಲೆ.

ಉಪ್ಪಿನಷ್ಟೇ ಮುಖ್ಯವಾದದ್ದು ಅದನ್ನು ಕರಗಿಸುವ ನೀರು. ನಮ್ಮ ಅಪಾರ್ಟ್‌ಮೆಂಟಿನ ಕೊಳವೆಬಾವಿಯ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಲವಣಗಳ ಅಳತೆ, 800ರ ಆಸುಪಾಸಿನಲ್ಲಿದೆ. ಕುಡಿಯುವ ನೀರಿನ ಆರ್‌ಒ ಯಂತ್ರ ರುಚಿಗೆಂದು ಸ್ವಲ್ಪ ಮೂಲ ನೀರನ್ನು ಬೆರೆಸಿ 60ಕ್ಕೆ ತಂದು ನಿಲ್ಲಿಸುತ್ತದೆ. ತೊಟ್ಟಿಗೆ ಅದು ಸಾಲದು. ಆ ಅರವತ್ತರಲ್ಲಿ ನೈಟ್ರೇಟ್ ಎಷ್ಟು, ಸಿಲಿಕೇಟ್ ಎಷ್ಟು ಎಂಬುದು ಕಾಣುವುದಿಲ್ಲ, ಆದರೆ ತಿಂಗಳೊಳಗೆ ಗಾಜಿನ ಮೇಲೆ ಕಂದು ಪಾಚಿಯಾಗಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಕೊನೆಯ ಹಂತದಲ್ಲಿ ಉಳಿದ ಲವಣಗಳನ್ನೂ ಹೀರುವ ರೆಸಿನ್ ಇರುವ ಬೇರೆಯೇ ಘಟಕವನ್ನು ಹಾಕಿಸಿ, ಮೀಟರ್ ಸೊನ್ನೆ ತೋರಿಸುವ ನೀರನ್ನಷ್ಟೇ ಬಳಸುತ್ತೇನೆ.

ತೊಟ್ಟಿಯನ್ನು ಇಟ್ಟದ್ದು 2022ರ ನವೆಂಬರಿನಲ್ಲಿ. ಕಲ್ಲು, ಮರಳು, ಉಪ್ಪುನೀರು ಹಾಕಿ, ಮೀನು ಬಿಡದೆ, ಮಾರುಕಟ್ಟೆಯಿಂದ ತಂದ ಒಂದೇ ಒಂದು ಸಿಗಡಿಯನ್ನು, ನಮ್ಮ ಕಡೆ ಶೆಟ್ಲಿ ಎನ್ನುವುದನ್ನು, ಬಟ್ಟೆಯ ಚೀಲದಲ್ಲಿ ಕಟ್ಟಿ ಕೊಳೆಯಲು ಬಿಟ್ಟಿದ್ದೆ. ಅದು ಕೊಳೆತಾಗ ಬರುವ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ಅಷ್ಟೇನೂ ವಿಷವಲ್ಲದ ನೈಟ್ರೇಟ್ ಮಾಡುತ್ತದೆ. ಕಲ್ಲಿನ ರಂಧ್ರರಂಧ್ರದಲ್ಲೂ ಇವೆರಡೂ ನೆಲೆಗೊಂಡ ಮೇಲೆಯೇ ಮೀನಿಗೆ ಜಾಗ. ಈ ತೊಟ್ಟಿಯಲ್ಲಿ ಅದಕ್ಕೆ 37 ದಿನ ಹಿಡಿಯಿತು. ಆ ದಿನಗಳಲ್ಲಿ ಮನೆಗೆ ಬಂದವರೆಲ್ಲ ಬರೀ ನೀರನ್ನು ನೋಡಿ, ಮೀನು ಎಲ್ಲಿ ಎಂದು ಕೇಳಿ ಹೋದರು. ನನಗೆ ಮಾತ್ರ ಆ ಖಾಲಿ ತೊಟ್ಟಿಯ ಮುಂದೆ ಕಳೆದ ಸಂಜೆಗಳು ಇಂದಿಗೂ ಪ್ರಿಯ. ಪರೀಕ್ಷಾ ನಳಿಕೆಯಲ್ಲಿ ಅಮೋನಿಯ ತೋರಿಸುವ ಹಸಿರು ಬಣ್ಣ ಒಂದೊಂದು ದಿನಕ್ಕೆ ಒಂದೊಂದು ಪಟ್ಟು ತೆಳುವಾಗಿ ಹಳದಿಗೆ ತಿರುಗುವುದನ್ನು ನೋಡುವಾಗ, ಕಣ್ಣಿಗೆ ಕಾಣದ ಜೀವವೊಂದು ತಾನಾಗಿ ಕೆಲಸಕ್ಕೆ ಹತ್ತಿಕೊಂಡದ್ದು ಗೊತ್ತಾಗುತ್ತಿತ್ತು.

2024ರ ಏಪ್ರಿಲ್

ಆ ಬೇಸಿಗೆಯ ಬಗ್ಗೆ ಬೆಂಗಳೂರಿನವರಿಗೆ ನಾನು ಹೇಳಬೇಕಾದದ್ದೇನೂ ಇಲ್ಲ. ಮಾರ್ಚಿನಲ್ಲೇ ನಮ್ಮ ಎರಡು ಕೊಳವೆಬಾವಿಗಳಲ್ಲಿ ಒಂದು ಬತ್ತಿತ್ತು, ಟ್ಯಾಂಕರಿಗಾಗಿ ಎಲ್ಲರೂ ಕಾಯುತ್ತಿದ್ದರು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಏಪ್ರಿಲಿನ ಕೊನೆಗೆ ತಾಪಮಾನ 38 ಡಿಗ್ರಿ ದಾಟಿತು. ತೊಟ್ಟಿಯ ನೀರು 25, 26 ಡಿಗ್ರಿಯಲ್ಲಿರಬೇಕು. ಒಂದು ಮಧ್ಯಾಹ್ನ ಥರ್ಮಾಮೀಟರ್ 29.6 ತೋರಿಸಿತು. ಹವಳದ ಮೈಯೊಳಗೆ ಏಕಕೋಶದ ಪಾಚಿ ವಾಸವಾಗಿರುತ್ತದೆ. ಬೆಳಕಿನಿಂದ ಅದು ತಯಾರಿಸುವ ಸಕ್ಕರೆಯೇ ಹವಳದ ಊಟದ ದೊಡ್ಡ ಪಾಲು. ನೀರು ಹದ ಮೀರಿ ಬೆಚ್ಚಗಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಹಾಗೆಯೇ ಉಳಿದರೆ ಹಸಿವಿನಿಂದ ಸಾಯುತ್ತದೆ.

ನೀರು ತಣಿಸುವ ಚಿಲ್ಲರ್ ಯಂತ್ರ ಕೊಳ್ಳುವಷ್ಟು ಅನುಕೂಲ ನನಗಿರಲಿಲ್ಲ. ಮುಚ್ಚಳ ತೆಗೆದು, ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವಂತೆ ಎರಡು ಸಣ್ಣ ಫ್ಯಾನು ಕಟ್ಟಿದೆ. ಮಣ್ಣಿನ ಮಡಕೆ ನೀರನ್ನು ತಂಪು ಮಾಡುವ ರೀತಿಯೇ ಇದು: ಆವಿಯಾಗುವ ಪ್ರತಿ ಲೀಟರೂ ಸುಮಾರು 2,400 ಕಿಲೋಜೌಲ್ ಶಾಖವನ್ನು ತನ್ನೊಂದಿಗೆ ಎಳೆದುಕೊಂಡು ಹೋಗುತ್ತದೆ. ಸಂಜೆಯ ಹೊತ್ತಿಗೆ ನೀರು 27ಕ್ಕೆ ಇಳಿಯಿತು. ಆದರೆ ಮೊದಲು ದಿನಕ್ಕೆ ಒಂದು ಲೀಟರಿನಷ್ಟು ಆವಿಯಾಗುತ್ತಿದ್ದ ನೀರು ಈಗ ಮೂರು ಲೀಟರ್ ಆಗತೊಡಗಿತು. ನೀರು ಮಾತ್ರ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಮೂರು ಲೀಟರ್ ಆರಿದರೆ 35 ಇದ್ದ ಲವಣಾಂಶ ಒಂದೇ ದಿನದಲ್ಲಿ 36 ಆಗುತ್ತದೆ. ಆದ್ದರಿಂದ ಹೋದಷ್ಟನ್ನೂ ಸಿಹಿನೀರಿನಿಂದಲೇ, ದಿನಕ್ಕೆರಡು ಸಲ, ತುಂಬಬೇಕು. ಒಂದು ಲೀಟರ್ ಸೊನ್ನೆ ಟಿಡಿಎಸ್ ನೀರಿಗೆ ನನ್ನ ಘಟಕ ಮೂರು ಲೀಟರ್ ಹೊರಹಾಕುತ್ತದೆ. ವಾರಕ್ಕೆ ತೊಟ್ಟಿಗೆ 30 ಲೀಟರ್ ಎಂದರೆ 90 ಲೀಟರ್ ಹೊರಗೆ. ಆ ನೀರೆಲ್ಲ ನೆಲ ಒರೆಸಲು, ಪಾಯಿಖಾನೆಗೆ, ಕುಂಡಗಳಿಗೆ ಹೋಯಿತು, ಒಂದು ಹನಿಯೂ ಮೋರಿಗೆ ಹೋಗಲಿಲ್ಲ. ಆದರೂ ಕೆಳಗಿನ ಮನೆಯವರು ಕೊಡ ಹಿಡಿದು ಟ್ಯಾಂಕರಿನ ಬಳಿ ನಿಂತದ್ದನ್ನು ಬಾಲ್ಕನಿಯಿಂದ ನೋಡಿದ ದಿನ ನನಗೆ ಊಟ ಸೇರಲಿಲ್ಲ. ವಾರಕ್ಕೊಮ್ಮೆಯ ನೀರು ಬದಲಾವಣೆಯನ್ನು ಹದಿನೈದು ದಿನಕ್ಕೊಮ್ಮೆ ಮಾಡಿದೆ. ಮೃದು ಹವಳಗಳು ಕಲ್ಲುಹವಳಗಳಂತೆ ಕ್ಯಾಲ್ಸಿಯಂ ಹೀರುವುದಿಲ್ಲವಾದ್ದರಿಂದ ಅಷ್ಟನ್ನು ಅವು ತಾಳಿಕೊಂಡವು. (ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬಳಸಬಹುದಲ್ಲ ಎಂದು ಗೆಳೆಯರೊಬ್ಬರು ಸಲಹೆ ಕೊಟ್ಟರು. ಬಳಸಬಾರದು. ಅದು ತಾಮ್ರದ ಕೊಳವೆಗಳ ಮೇಲೆ ಹರಿದು ಬಂದಿರುತ್ತದೆ. ಸಿಗಡಿ, ಬಸವನಹುಳು, ಹವಳಗಳಿಗೆ ತಾಮ್ರ ಅತಿ ಅಲ್ಪ ಪ್ರಮಾಣದಲ್ಲೂ ವಿಷ.)

ಇದರ ನಡುವೆಯೇ ನಾನು ನನ್ನ ಈ ಎರಡು ವರ್ಷಗಳ ಅತಿ ದೊಡ್ಡ ತಪ್ಪನ್ನು ಮಾಡಿದೆ. ಲವಣಾಂಶ ನೋಡಲು ಅದುವರೆಗೆ ನನ್ನ ಬಳಿ ಇದ್ದದ್ದು ಗಾಜಿನ ತೇಲುಗಡ್ಡಿ, ಕೆಲವೇ ನೂರು ರೂಪಾಯಿಯದು. ಬೇಸಿಗೆಯಲ್ಲಿ ಲವಣಾಂಶ ದಿನದಿನಕ್ಕೂ ಏರುಪೇರಾಗುತ್ತದೆ, ಇನ್ನೂ ನಿಖರವಾದದ್ದು ಬೇಕು ಎಂದುಕೊಂಡು ನೀರು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರಿಂದ ಲವಣಾಂಶ ಹೇಳುವ ಒಂದು ರಿಫ್ರಾಕ್ಟೋಮೀಟರ್ ತರಿಸಿದೆ. ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು, ಬೆಳಕಿಗೆ ಹಿಡಿದು ಕಣ್ಣಿಟ್ಟರೆ, ನೀಲಿ ಬಿಳುಪು ಕೂಡುವ ಗೆರೆ ಅಂಕಿಯನ್ನು ತೋರಿಸುತ್ತದೆ. ಜೊತೆಗೆ ಬಂದ ಕಾಗದದಲ್ಲಿ ಹೇಳಿದಂತೆ ಶುದ್ಧ ನೀರಿನ ಎರಡು ಹನಿ ಹಾಕಿ, ಗೆರೆಯನ್ನು ಸೊನ್ನೆಗೆ ಕೂರಿಸಿದೆ. ಆಮೇಲೆ ತೊಟ್ಟಿಯ ನೀರು ಹಾಕಿದರೆ 31 ತೋರಿಸಿತು. ತೇಲುಗಡ್ಡಿ ಅದೇ ನೀರಿಗೆ 35 ಎನ್ನುತ್ತಿತ್ತು. ನಾನು ದುಬಾರಿಯದನ್ನು ನಂಬಿದೆ. ಇಷ್ಟು ದಿನ ಹವಳಗಳನ್ನು ಸಪ್ಪೆ ನೀರಿನಲ್ಲಿಟ್ಟಿದ್ದೆನಲ್ಲ ಎಂದು ಮರುಗಿ, ಎರಡು ವಾರ ಸ್ವಲ್ಪಸ್ವಲ್ಪವೇ ಉಪ್ಪು ಏರಿಸುತ್ತ ಬಂದು, ಹೊಸ ಉಪಕರಣದ ಗೆರೆಯನ್ನು 35ಕ್ಕೆ ತಲುಪಿಸಿದೆ.

ಮೊದಲು ಬಾಗಿದ್ದು ಅಣಬೆಯಾಕಾರದ ದೊಡ್ಡ ಹವಳ. ಅದರ ತಲೆಯ ಮೇಲೆ ಬೆಳಕಿನಲ್ಲಿ ಆಡುತ್ತಿದ್ದ ನೂರಾರು ಸಣ್ಣ ಪಾಲಿಪುಗಳು, ಹವಳದ ಹೂವಿನಂಥ ಪುಟ್ಟ ಜೀವಿಗಳು, ಒಳಸರಿದವು, ಅಂಚು ಒಣಗಿದ ಹಪ್ಪಳದಂತೆ ಸುರುಳಿಯಾಯಿತು. ಮಿಡಿಯುವ ಕೈಗಳ ಜೀನಿಯಾ ಎಂಬ ಹವಳ ಮೂರೇ ದಿನದಲ್ಲಿ ಕರಗಿ ಲೋಳೆಯಾಯಿತು. ಒಂದು ಬೆಳಿಗ್ಗೆ ಕೆಂಪು ಬಿಳಿ ಪಟ್ಟೆಯ ಕ್ಲೀನರ್ ಸಿಗಡಿ ಮರಳಿನ ಮೇಲೆ ಮಲಗಿತ್ತು. ಪೊರೆ ಕಳಚಿದ್ದಿರಬೇಕು, ಸಿಗಡಿ ಕಲ್ಲಿನ ಹಿಂದೆ ಅಡಗಿದೆ ಎಂದು ಸಂಜೆಯವರೆಗೂ ಕಾದೆ. ಇಕ್ಕಳದಲ್ಲಿ ಎತ್ತಿದಾಗ ಭಾರವಿತ್ತು, ಅದು ಪೊರೆಯಾಗಿರಲಿಲ್ಲ. ಅಮೋನಿಯ ನೋಡಿದೆ, ನೈಟ್ರೇಟ್ ನೋಡಿದೆ, ಬೆಳಕು ಕಡಿಮೆ ಮಾಡಿದೆ, ಪಂಪಿನ ದಿಕ್ಕು ಬದಲಿಸಿದೆ. ದಿನವೂ ಲವಣಾಂಶ ನೋಡುತ್ತಿದ್ದೆ. ದಿನವೂ ಅದು 35 ತೋರಿಸುತ್ತಿತ್ತು. ಸರಿ ಇರುವುದು ಅದೊಂದೇ ಎಂದು ಅದನ್ನು ಬಿಟ್ಟು ಉಳಿದೆಲ್ಲವನ್ನೂ ಅನುಮಾನಿಸಿದೆ.

ಕಲ್ಲು ಇಟ್ಟು ನೋಡುವುದು

ಮೇ ಮೊದಲ ವಾರ, ಊರಿನ ಸಂಬಂಧಿಕರ ಮದುವೆಗೆಂದು ಅಪ್ಪ ಬಂದರು. ರಾತ್ರಿ ಊಟವಾದ ಮೇಲೆ ತೊಟ್ಟಿಯ ಮುಂದೆ ಸ್ಟೂಲು ಹಾಕಿ ಕುಳಿತು, ಅವರು ನೋಡಿದ್ದು ಹವಳಗಳನ್ನಲ್ಲ, ಗಾಜಿನ ಅಂಚಿನಲ್ಲಿ ಬಿಳಿಯಾಗಿ ಕಟ್ಟಿದ್ದ ಉಪ್ಪಿನ ಪೊರೆಯನ್ನು. ಉಗುರಿನಿಂದ ಒಂದಿಷ್ಟು ಕೆರೆದು ಬೆರಳುಗಳ ನಡುವೆ ಉಜ್ಜಿದರು. "ಯಾವುದ್ರಲ್ಲಿ ಅಳಿತೀ?" ಎಂದರು. ರಿಫ್ರಾಕ್ಟೋಮೀಟರನ್ನು ಕೈಗೆ ಕೊಟ್ಟೆ. ಕಿಟಕಿಯ ಮೇಲಿನ ಟ್ಯೂಬ್‌ಲೈಟಿನ ಕಡೆ ಹಿಡಿದು ನೋಡಿ, "ಇದು ಸರಿ ಇದೆ ಅಂತ ಹೇಗೆ ಗೊತ್ತು?" ಎಂದು ಕೇಳಿದರು. ಶುದ್ಧ ನೀರು ಹಾಕಿ ಸೊನ್ನೆಗೆ ಕೂರಿಸಿದ್ದೇನೆ ಎಂದೆ.

ಅಪ್ಪ ಅದನ್ನು ಮೇಜಿನ ಮೇಲಿಟ್ಟರು. "ತಕ್ಕಡಿ ಖಾಲಿ ಇದ್ದಾಗ ಸರಿ ತೋರಿಸ್ತದೆ ಅಂದ್ರೆ ಆಯ್ತಾ ತಮಾ? ಕಲ್ಲು ಇಟ್ಟು ನೋಡ್ಬೇಕು."

ಆಗರದಲ್ಲಿ ದಿನಾ ಬೆಳಿಗ್ಗೆ ಮೊದಲ ಚೀಲ ಬರುವ ಮುಂಚೆ ಅವರು ತಕ್ಕಡಿಯ ಮೇಲೆ ಗೊತ್ತಿರುವ ತೂಕದ ಕಲ್ಲನ್ನು ಇಟ್ಟು ನೋಡುತ್ತಿದ್ದರಂತೆ. ಖಾಲಿಯಿದ್ದಾಗ ಮುಳ್ಳು ನೇರ ನಿಲ್ಲುವ ತಕ್ಕಡಿ, ಭಾರ ಬಿದ್ದಾಗ ಎರಡು ಕಿಲೋ ತಪ್ಪು ಹೇಳುವುದುಂಟು. ಹಾಗಾದರೆ ಉಪ್ಪು ಕೆತ್ತಿದವರ ಕೂಲಿಯೂ ತಪ್ಪುತ್ತದೆ, ಕೊಂಡವರ ದುಡ್ಡೂ ತಪ್ಪುತ್ತದೆ. ಯಾವ ಭಾರವನ್ನು ತೂಗಬೇಕೋ ಆ ಭಾರದ ಹತ್ತಿರದಲ್ಲೇ ತಕ್ಕಡಿಯನ್ನು ಪರೀಕ್ಷಿಸಬೇಕು. ನನ್ನ ಗೆರೆ ಸೊನ್ನೆಯಲ್ಲಿ ಸರಿಯಿತ್ತು. ನಾನು ಅಳೆಯುತ್ತಿದ್ದುದು 35ರಲ್ಲಿ. ಇದನ್ನು ನಾನು ಓದಿಯೂ ಇದ್ದೆ. ರಿಫ್ರಾಕ್ಟೋಮೀಟರನ್ನು 35ರ ಪ್ರಮಾಣಿತ ದ್ರವದಿಂದ ಸರಿಪಡಿಸಬೇಕೆಂಬುದು ಈ ಹವ್ಯಾಸದಲ್ಲಿರುವ ಎಲ್ಲರೂ ಹೇಳುವ ಮಾತು. ಓದಿದ ಮಾತು ತಕ್ಕಡಿಯ ರೂಪದಲ್ಲಿ ಮುಂದೆ ಬಂದು ನಿಂತಾಗಲೇ ನನಗೆ ಹೊಳೆದದ್ದು.

ಆ ದ್ರವ ತರಿಸಲು ನಾಲ್ಕು ದಿನ ಬೇಕಿತ್ತು. ಆದರೆ ಅಡುಗೆ ಉಪ್ಪಿನಿಂದಲೂ ಒಂದು ಕಲ್ಲನ್ನು ಮಾಡಿಕೊಳ್ಳಬಹುದು: ತೂಕದಲ್ಲಿ ಶೇಕಡ 3.65ರಷ್ಟು ಸೋಡಿಯಂ ಕ್ಲೋರೈಡ್ ಇರುವ ನೀರು ಬೆಳಕನ್ನು ಬಾಗಿಸುವ ಪ್ರಮಾಣವೂ 35ರ ಸಮುದ್ರದ ನೀರು ಬಾಗಿಸುವ ಪ್ರಮಾಣವೂ ಒಂದೇ. ನಮ್ಮ ತೂಕದ ಯಂತ್ರಕ್ಕೆ ಗ್ರಾಂಗಿಂತ ಸೂಕ್ಷ್ಮ ತಿಳಿಯದ ಕಾರಣ 2 ಕಿಲೋ ಮಾಡುವುದೆಂದು ಲೆಕ್ಕ ಹಾಕಿದೆವು: 73 ಗ್ರಾಂ ಉಪ್ಪು, 1,927 ಗ್ರಾಂ ನೀರು. ಅಪ್ಪ ನಮಗೆಂದು ಊರಿನಿಂದ ತಂದಿದ್ದ ಆಗರದ ಉಪ್ಪಿನ ಪೊಟ್ಟಣಕ್ಕೆ ನಾನು ಕೈ ಹಾಕಿದಾಗ ಅವರೇ ತಡೆದರು. "ಅದು ತೇವ ಹಿಡಿದಿರ್ತದೆ, ತೂಕಕ್ಕೆ ಬರೂದಿಲ್ಲ." ಪ್ಯಾಕೆಟ್ಟಿನ ಪುಡಿ ಉಪ್ಪನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಆರಿಸಿ, ಅವರೇ ತೂಗಿದರು. ಚಮಚದಿಂದ ಬೆರಳ ತುದಿಗೆ ಬಂದು, ಕೊನೆಯ ಗ್ರಾಂ ಅನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ, 72 ಮತ್ತು 73ರ ನಡುವೆ ಅಂಕಿ ಮಿನುಗುವುದು ನಿಲ್ಲುವವರೆಗೂ ಕೈ ತೆಗೆಯಲಿಲ್ಲ. ಎಪ್ಪತ್ತೆರಡು ವರ್ಷದ ಆ ಕೈ ನಡುಗುತ್ತಿರಲಿಲ್ಲ. ಟನ್ನುಗಟ್ಟಲೆ ಉಪ್ಪು ತೂಗಿದವರು ರಾತ್ರಿ ಹನ್ನೊಂದು ಗಂಟೆಗೆ ನನ್ನ ಅಡುಗೆಮನೆಯಲ್ಲಿ ಒಂದು ಮುಷ್ಟಿ ಉಪ್ಪನ್ನು ಅಷ್ಟೇ ಗಂಭೀರವಾಗಿ ತೂಗುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ.

35 ತೋರಿಸಬೇಕಿದ್ದ ಆ ನೀರಿಗೆ ಉಪಕರಣ ತೋರಿಸಿದ್ದು 31. ಅಂದರೆ ನನ್ನ ತೊಟ್ಟಿ 39ರ ಆಸುಪಾಸಿನಲ್ಲಿತ್ತು, ಮತ್ತು ಗಾಜಿನ ತೇಲುಗಡ್ಡಿ ಮೊದಲಿನಿಂದಲೂ ಸರಿಯಾಗಿಯೇ ಹೇಳಿತ್ತು.

ಇಳಿಸುವ ಲೆಕ್ಕ ಸುಲಭ. 100 ಲೀಟರಿನಲ್ಲಿ 10 ಲೀಟರ್ ಉಪ್ಪುನೀರು ತೆಗೆದು ಸಿಹಿನೀರು ಹಾಕಿದರೆ 39 ಇದ್ದದ್ದು 35ಕ್ಕೆ ಬರುತ್ತದೆ. ಒಂದೇ ಸಲಕ್ಕೆ ಮಾಡಿಬಿಡೋಣ ಎನ್ನುವ ಆತುರವನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಹವಳಗಳನ್ನು ಕೊಲ್ಲುವುದು ಅನೇಕ ಸಲ ತಪ್ಪು ಅಂಕಿಯಲ್ಲ, ಅಂಕಿಯ ಓಟ. ದಿನಕ್ಕೆ ಒಂದೂಕಾಲು ಲೀಟರಿನಂತೆ ಎಂಟು ದಿನ ತೆಗೆದುಕೊಂಡೆ. ಆ ವಾರವೇ ಮಳೆ ಬಂತು. ಬಾಲ್ಕನಿಯಲ್ಲಿ ಪಾತ್ರೆಗಳನ್ನಿಟ್ಟು ಹಿಡಿದ ಮಳೆನೀರನ್ನು ಕಾರ್ಬನ್ ಮತ್ತು ರೆಸಿನ್‌ಗಳಲ್ಲಿ ಹಾಯಿಸಿ, ಒಂದು ಹನಿ ಕೊಳವೆಬಾವಿಯ ನೀರನ್ನೂ ಹೊರಹಾಕದೆ ಕೊನೆಯ ನಾಲ್ಕು ದಿನದ ಕೆಲಸ ಮುಗಿಸಿದೆ. ಹನ್ನೊಂದನೆಯ ದಿನ ಅಣಬೆ ಹವಳದ ಅಂಚು ಬಿಚ್ಚಿತು. ಮರುದಿನ ಒಂದು ಬದಿಯಲ್ಲಿ ಮಾತ್ರ, ಬೆರಳ ಗಿಣ್ಣಿನಷ್ಟು ಜಾಗದಲ್ಲಿ, ಪಾಲಿಪುಗಳು ಹೊರಬಂದವು. ಜೀನಿಯಾ ಮರಳಲಿಲ್ಲ.

ತರಬಾರದ್ದು

ಇಷ್ಟೆಲ್ಲ ಓದಿ ತೊಟ್ಟಿ ಇಡಬೇಕೆನ್ನುವವರಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನಮ್ಮ ದೇಶದಲ್ಲಿ ಬಂಡೆ ಕಟ್ಟುವ ಎಲ್ಲ ಕಲ್ಲುಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ, ಆನೆಗಳಿರುವ ಪಟ್ಟಿಯೇ ಅದು. ಕಡಲುಕುದುರೆಯೂ ರಕ್ಷಿತ ಪ್ರಾಣಿ. ಹಾಗಿದ್ದರೂ ಒಂದು ಅಂಗಡಿಯಲ್ಲಿ ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದು ಮಿದುಳಿನಂಥ ಸುರುಳಿಗಳ ಕಲ್ಲುಹವಳವನ್ನು ತೋರಿಸಿ, ಯಾರೂ ಕೇಳುವುದಿಲ್ಲ ಎಂದಿದ್ದರು. ಬುಡದಲ್ಲಿ ಉಳಿಯ ಏಟಿನ ಹೊಸ ಗಾಯ ಬೆಳ್ಳಗೆ ಕಾಣುತ್ತಿತ್ತು. ಆ ಅಂಗಡಿಗೆ ನಾನು ಮತ್ತೆ ಹೋಗಿಲ್ಲ. ನನ್ನಲ್ಲಿರುವ ಮೃದು ಹವಳಗಳೆಲ್ಲ ಬೇರೆಯವರ ತೊಟ್ಟಿಯಲ್ಲಿ ಬೆಳೆದವುಗಳಿಂದ ಕತ್ತರಿಸಿ ತಂದ ತುಂಡುಗಳು. ಕ್ಲೌನ್ ಮೀನುಗಳು ಸಾಕಣೆಯ ತೊಟ್ಟಿಯಲ್ಲೇ ಮೊಟ್ಟೆಯಿಂದ ಹೊರಬಂದವು. ಕ್ಲೌನ್ ಮೀನನ್ನು ಹೀಗೆ ಬೆಳೆಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಮ್ಮಲ್ಲೇ ರೂಢಿಗೆ ತಂದಿರುವಾಗ, ಕಡಲಿನಿಂದ ಹಿಡಿದ ಮೀನನ್ನು ಕೊಳ್ಳಲು ಕಾರಣವೇ ಇಲ್ಲ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ನೀರಿಗಿಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿ ಬಂಡೆಗೆ ಅಂಟಿ ಬೆಳೆದ ಅಂಗೈಯಗಲದ ಹವಳಕ್ಕೆ ಎಷ್ಟೋ ವರ್ಷಗಳ ವಯಸ್ಸು, ಮತ್ತು ಅದನ್ನು ಕಿತ್ತು ತಂದರೆ ನನ್ನಂಥವನ ಕೈಯಲ್ಲಿ ಅದರ ಆಯುಷ್ಯ ಒಂದು ತಪ್ಪು ಉಪಕರಣದಷ್ಟು.

2024ರ ಅದೇ ಏಪ್ರಿಲಿನಲ್ಲಿ, ಜಗತ್ತಿನ ಹವಳದ ದಿಬ್ಬಗಳು ನಾಲ್ಕನೆಯ ಸಲ ವ್ಯಾಪಕವಾಗಿ ಬಿಳಿಚಿಕೊಳ್ಳುತ್ತಿವೆ ಎಂಬ ಘೋಷಣೆ ಬಂತು. ಮೇ ತಿಂಗಳಲ್ಲಿ ಲಕ್ಷದ್ವೀಪದಿಂದ ಅದೇ ಸುದ್ದಿ ಬಂತು, ಕಡಲಿನ ಬಿಸಿ ಅಲೆ ತಿಂಗಳುಗಟ್ಟಲೆ ಇಳಿಯದೆ ನಿಂತಿದೆ ಎಂದು. ಎರಡು ಫ್ಯಾನುಗಳ ಸದ್ದಿನ ನಡುವೆ ಕುಳಿತು ಆ ಸುದ್ದಿಯನ್ನು ಓದಿದ್ದು ನನಗೆ ನೆನಪಿದೆ. ನನ್ನ 100 ಲೀಟರಿನಲ್ಲಿ ಎರಡೂವರೆ ಡಿಗ್ರಿ ಇಳಿಸಲು ನಾನು ಪಟ್ಟ ಪಾಡು ಗೊತ್ತಿದ್ದುದರಿಂದ, ಕಡಲು ಒಂದು ಡಿಗ್ರಿ ಬಿಸಿಯಾಗುವುದು ಎನ್ನುವ ಮಾತು ಅಂದು ಮೊದಲ ಬಾರಿಗೆ ನನಗೆ ಭಾರವಾಗಿ ಕೇಳಿಸಿತು.

ಈ ವಾರ

ಅಣಬೆ ಹವಳ ಮತ್ತೆ ಮುಚ್ಚಿಕೊಂಡಿದೆ, ಇಂದಿಗೆ ಆರನೆಯ ದಿನ. ಪಾಲಿಪುಗಳು ಒಳಗಿವೆ, ತಲೆಯ ಮೇಲೆ ಮೇಣದಂಥ ಮಾಸಲು ಪೊರೆ ಹರಡಿದೆ. 35ರ ದ್ರವದಲ್ಲಿ ಉಪಕರಣವನ್ನು ನೋಡಿದೆ, ಗೆರೆ 35ರ ಮೇಲೆ ಕೂತಿತು. ಆಮೇಲೆ ತೊಟ್ಟಿಯ ನೀರನ್ನು ನೋಡಿದೆ: ಅದೂ 35. ತಾಪಮಾನ 25.8. ಈ ಜಾತಿಯ ಹವಳಗಳು ಆಗಾಗ ಹೀಗೆ ಮುಚ್ಚಿಕೊಂಡು ಮೇಲ್ಪೊರೆಯನ್ನು ಕಳಚುತ್ತವೆ. ಮೈಮೇಲೆ ಕೂತ ಪಾಚಿ, ಕಸವೆಲ್ಲ ಅದರೊಡನೆ ಹೋಗುತ್ತದೆ. ಪಂಪಿನ ಹರಿವನ್ನು ಸ್ವಲ್ಪ ಅದರ ಕಡೆ ತಿರುಗಿಸಿದ್ದೇನೆ. ನಿನ್ನೆ ರಾತ್ರಿ ಅಪ್ಪ ಫೋನಿನಲ್ಲಿ, "ಕಲ್ಲು ಇಟ್ಟು ನೋಡಿದ್ಯಾ?" ಎಂದು ಕೇಳಿದರು. ನೋಡಿದೆ, ಸರಿಯಿದೆ ಎಂದೆ. "ಹಾಗಾದ್ರೆ ಮುಟ್ಬೇಡ, ಬಿಡು" ಎಂದರು. ಇಂದು ಬೆಳಿಗ್ಗೆ ಪೊರೆಯ ಒಂದು ಅಂಚು ಬಿಟ್ಟುಕೊಂಡು, ಹರಿವಿನಲ್ಲಿ ತೆಳ್ಳಗಿನ ಬಟ್ಟೆಯಂತೆ ಆಡುತ್ತಿತ್ತು.